ಹುಲ್ಲು ಕಟ್ಟುವ ತಂತಿ

ಅಪ್ಪನ ಕೈಗೆ ತಂತಿ ಸಿಕ್ಕಿತೆಂದರೆ ನಮ್ಮ ಡೊಂಬಿವಲಿಯ ಮನೆಯಲ್ಲಿ ಯಾವ ವಸ್ತುವಿಗೂ ಸಾಯುವ ಭಾಗ್ಯವಿರಲಿಲ್ಲ. ಕುಕ್ಕರಿನ ಹಿಡಿ, ಟೇಬಲ್ ಫ್ಯಾನಿನ ಜಾಲರಿ, ನನ್ನ ಶಾಲೆಯ ಚೀಲದ ಪಟ್ಟಿ, ಎಲ್ಲಕ್ಕೂ ಒಂದೊಂದು ಸುತ್ತು. ಥಾಣೆಯಲ್ಲಿ ಅವರು ನಡೆಸುತ್ತಿದ್ದ ಸಸ್ಯಾಹಾರಿ ಹೋಟೆಲಿನಲ್ಲೂ ಇದೇ ಕತೆ. “ಹೊಸತು ತಂದ್ರೆ ನಿಮ್ಮ ಗಂಟೆಂತ ಹೋಗ್ತದೆ?” ಎಂದು ನಾನು ರೇಗುತ್ತಿದ್ದೆ. “ನಡೀತದಲ್ಲ, ಮತ್ತೆಂತ?” ಎನ್ನುತ್ತಿದ್ದರು.

ಹೋಟೆಲು ಬಿಟ್ಟುಕೊಟ್ಟು ಕೆಲವು ವರ್ಷಗಳಾದ ಮೇಲೆ, ಒಂದು ಬೇಸಿಗೆಯಲ್ಲಿ, ಅಪ್ಪ ಇದ್ದಕ್ಕಿದ್ದಂತೆ ಏನೇನೋ ಮಾತನಾಡತೊಡಗಿದರು. ಘೋಡಬಂದರ್ ರಸ್ತೆಯ ಒಂದು ಆಸ್ಪತ್ರೆಗೆ ಸೇರಿಸಿದೆವು. ಎಳೆಯ ಡಾಕ್ಟರು ರಿಪೋರ್ಟ್ ನೋಡಿ, ಸೋಡಿಯಂ ‘ಹೇವೈರ್’ ಆಗಿದೆ ಎಂದು ಇಂಗ್ಲಿಷಿನಲ್ಲಿ ಹೇಳಿ ಪಕ್ಕದ ಮಂಚಕ್ಕೆ ಹೋದರು.

ಆ ಹೊತ್ತಿಗೆ ಅಪ್ಪ ಸರಿಯಾಗಿಯೇ ಇದ್ದರು. “ಎಂತ ಹೇಳಿದ್ರು? ವೈರ್ ಅಂದ್ರಲ್ಲ?”

ರಕ್ತದಲ್ಲಿ ಉಪ್ಪು ಹದ ತಪ್ಪಿದೆ ಎಂದೆ. ಅವರಿಗೆ ಅಷ್ಟು ಸಾಲದು, ವೈರ್ ಬೇಕು. ನನಗೂ ಬೇರೇನೂ ಮಾಡಲು ತೋಚದೆ ಮೊಬೈಲಿನಲ್ಲಿ ಹುಡುಕಿ ಓದಿ ಹೇಳಿದೆ. ಹಿಡಿತ ತಪ್ಪಿ ಅಸ್ತವ್ಯಸ್ತವಾದದ್ದು ಎಂದು ಅರ್ಥ. ಮೂಲದಲ್ಲಿ ಅದು ಒಣಹುಲ್ಲಿನ ಕಟ್ಟನ್ನು ಬಿಗಿಯುವ ತಂತಿ. ಅಮೆರಿಕದ ಕಾಡುಗಳಲ್ಲಿ ಮರ ಕಡಿಯುವವರು ಮುರಿದ ಸಲಕರಣೆಗಳನ್ನು ಅದೇ ತಂತಿಯಿಂದ ಕಟ್ಟಿಕೊಂಡು ದಿನ ದೂಡುತ್ತಿದ್ದರಂತೆ. ಹಾಗೆ ತೇಪೆ ಹಾಕಿ ನಡೆಯುವ ಕೆಲಸದ ಜಾಗವನ್ನು ಹೇವೈರ್ ಎಂದು ಗೇಲಿ ಮಾಡುತ್ತಿದ್ದರು. ಬರಬರುತ್ತ ಕೆಟ್ಟು ಕೂತದ್ದೆಲ್ಲ ಹೇವೈರ್ ಆಯಿತು.

“ಬೈಹುಲ್ಲಿಗೆ ತಂತಿ ಎಂತಕ್ಕೆ? ಹುಲ್ಲನ್ನೇ ಹೊಸೆದು ಕಟ್ಟುವುದಲ್ವಾ?” ಅಪ್ಪನಿಗೆ ಆ ದೇಶದವರ ಮೇಲೆ ಮರುಕ. ಆಮೇಲೆ, “ಅಲ್ಲ ಮಾರಾಯ್ತಿ, ತಂತಿ ಕಟ್ಟಿದ್ರೆ ಸರಿಯಾಗ್ಬೇಕು. ಕೆಡುವುದು ಹೇಗೆ?” ಎಂದರು.

ಮಂಚದ ಪಕ್ಕದ ಪುಟ್ಟ ಕಪಾಟಿನ ಬಾಗಿಲು ಸಡಿಲಾಗಿ ತೆರೆದೇ ಇರುತ್ತಿತ್ತು. ಅದನ್ನು ತೋರಿಸಿ, “ನಾಳೆ ಬರುವಾಗ ತಂತಿ ತಾ” ಎಂದರು.

ಮರುದಿನ ಊಟದ ಡಬ್ಬಿಯ ಜೊತೆ ತಂತಿಯನ್ನೂ ಚೀಲಕ್ಕೆ ಹಾಕಿಕೊಂಡು ಲೋಕಲ್ ರೈಲು ಹತ್ತಿದೆ. ಆ ಡಾಕ್ಟರ ಮೇಲೆ, ಆ ಪದದ ಮೇಲೆ, ಬಾಗಿಲಲ್ಲೇ ನಿಂತ ಹೆಂಗಸರ ಮೇಲೆ, ಎಲ್ಲರ ಮೇಲೂ ಸಿಟ್ಟು. ಮುಂಬ್ರಾ ದಾಟುವಷ್ಟರಲ್ಲಿ ಸಿಟ್ಟೂ ಮುಗಿದು ಬರೀ ಹೆದರಿಕೆ ಉಳಿಯಿತು. ಅಪ್ಪ ನಿನ್ನೆಯಷ್ಟಾದರೂ ಸರಿಯಾಗಿರಲಿ ಎಂದು ನೆನಪಾದ ದೇವರಿಗೆಲ್ಲ ಹರಕೆ ಹೊತ್ತೆ.

ಅಪ್ಪ ದಿಂಬಿಗೊರಗಿ ಕೂತಿದ್ದರು. ನನ್ನನ್ನು ಕಂಡದ್ದೇ ಮುಖ ಅರಳಿತು.

“ಆಯಿಯೇ ಮೇಡಂ. ಫ್ಯಾಮಿಲಿ ರೂಮ್ ಊಪರ್ ಹೈ.”

ಅಪ್ಪ ನನ್ನೊಡನೆ ಎಂದೂ ಹಿಂದಿ ಆಡಿದವರಲ್ಲ. ಅದು ಹೋಟೆಲಿನ ಗಿರಾಕಿಗಳ ಭಾಷೆ. “ಅಪ್ಪಾ, ನಾನು” ಎಂದೆ. ಅವರು ಗಲ್ಲಾಪೆಟ್ಟಿಗೆಯ ಮುಂದೆ ಕೂತಾಗಿನ ಅದೇ ನಗುವನ್ನು ನಗುತ್ತಿದ್ದರು. ಇನ್ನೊಮ್ಮೆ ಹೇಳುವ ಧೈರ್ಯ ನನಗಾಗಲಿಲ್ಲ.

ಏನು ಮಾಡಲಿ? ಚೀಲದಿಂದ ತಂತಿ ತೆಗೆದು ಕೈಗಿಟ್ಟೆ. ಕೈಗೆ ಎಲ್ಲ ನೆನಪಿತ್ತು. ಕಪಾಟಿನ ಹಿಡಿಗೆ ಸುತ್ತಿ, ಹುರಿ ಮಾಡಿ, ಯಾರಿಗೂ ಚುಚ್ಚದಂತೆ ತುದಿಯನ್ನು ಒಳಗೆ ಮಡಚಿದರು. ಬಾಗಿಲು ಭದ್ರವಾಗಿ ಮುಚ್ಚಿಕೊಂಡಿತು.

“ಅಬ್ ನಹೀ ಖುಲೇಗಾ, ಮೇಡಂ.”

ನಾನು ಥ್ಯಾಂಕ್ಯೂ ಎಂದೆ. ಆಮೇಲೆ ಹಿಂದಿಯಲ್ಲೇ ಕೇಳಿದೆ, ಫ್ಯಾಮಿಲಿ ರೂಮಿನಲ್ಲಿ ಜಾಗ ಇದೆಯಾ ಎಂದು.