ಆಯುಧಪೂಜೆಯ ಹಾರ

ಹರಿಹರದ ಪ್ರೆಸ್ಸೊಂದರ ಕಂಪ್ಯೂಟರ್ ಆನ್ ಮಾಡಿದರೆ ಸಾಕು, ಆಫ್ ಆಗುತ್ತಿತ್ತು. ರಿಪೇರಿಗೆಂದು ದಾವಣಗೆರೆಯಿಂದ ಹೋದೆ. ಸಂಜೆ ಕೊಡಬೇಕಾದ ಮದುವೆ ಕಾರ್ಡು ಅದರೊಳಗೇ ಇತ್ತು. ಹುಡುಗಿಯ ಅಪ್ಪ ಬಾಗಿಲಲ್ಲೇ ಕೂತಿದ್ದರು.

"ಮದರ್‌ಬೋರ್ಡೇ ಹೋಗೈತೆ ಅಂದ್ರು ರೀ, ಮೊದ್ಲು ಬಂದೋರು," ಎಂದರು ಒಡತಿ ಶಾಂತಕ್ಕ.

ಆ ಮಹಾಶಯ ಮುಚ್ಚಳವನ್ನೇ ತೆಗೆದಿರಲಿಲ್ಲ. ನಾನು ತೆಗೆದೆ. ಆಯುಧಪೂಜೆಗೆ ಹಾಕಿದ್ದ ಚೆಂಡುಹೂವಿನ ಹಾರದ ದಾರ ಜಾಲರಿಯೊಳಗೆ ನುಸುಳಿ ಫ್ಯಾನಿಗೆ ಬಿಗಿಯಾಗಿ ಸುತ್ತಿಕೊಂಡಿತ್ತು. ಫ್ಯಾನ್ ತಿರುಗದೆ ಕಂಪ್ಯೂಟರ್ ಬಿಸಿಯೇರಿ ಆಫ್ ಆಗುತ್ತಿತ್ತು. ದಾರ ಕತ್ತರಿಸಿ ಸ್ವಿಚ್ ಒತ್ತಿದೆ. ಗಣಪತಿ ಸಮೇತ ಕಾರ್ಡು ಪರದೆಗೆ ಬಂತು! ಹುಡುಗಿಯ ಅಪ್ಪ ಚಪ್ಪಾಳೆ ತಟ್ಟಿದರು.

"ಹಾರದಿಂದ್ಲೇ ಕೆಟ್ಟಿದ್ದು ನೋಡ್ರಿ ಅಕ್ಕಾ," ಎಂದು ಬೀಗಿದೆ.

"ಪೂಜೆ ಮಾಡಿದ್ದಕ್ಕೇ ಮದರ್‌ಬೋರ್ಡ್ ಉಳೀತು ನೋಡ್ರಿ!" ಎನ್ನುತ್ತ ಶಾಂತಕ್ಕ ತೆಂಗಿನಕಾಯಿ ತಂದು, ಕಂಪ್ಯೂಟರಿನ ಮುಂದೆಯೇ ಒಡೆಯಲು ಕೈಯೆತ್ತಿದರು. ಮುಚ್ಚಳ ಇನ್ನೂ ಹಾಕಿರಲಿಲ್ಲ. ತಟ್ಟನೆ ಅಡ್ಡ ನಿಂತೆ. ಕಾಯಿನೀರಿನ ಅಭಿಷೇಕ ನನಗಾಯಿತು.