ಅಜ್ಜನ ಉರ್ದು ಕಾಗದ ಮತ್ತು ದನಿಯಿಲ್ಲದ ವಿಡಿಯೊ

ನಿನ್ನೆ ಕೈಕೊಟ್ಟ ಹಳೆಯ ವಿಡಿಯೊ ಇವತ್ತೂ ಸರಿಹೋಗಲಿಲ್ಲ. ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ನನ್ನ ಹೆಂಡತಿ ಕಾಣುತ್ತಾಳೆ, ತುಟಿ ಅಲುಗುತ್ತದೆ, ದನಿ ಇಲ್ಲ. ‘ಆಡಿಯೊ ಫಾರ್ಮ್ಯಾಟ್ ನಾಟ್ ಸಪೋರ್ಟೆಡ್’ ಅನ್ನುತ್ತದೆ. ಕಾಲೇಜಿನ ಇಂಗ್ಲಿಷ್ ಅರ್ಧ ಮರೆತರೂ ಇಷ್ಟು ತಿಳಿಯಿತು. ತೀರಿಹೋದವಳ ದನಿ ನನ್ನ ಬಳಿ ಇರುವುದು ಇದೊಂದರಲ್ಲೇ. ಫೈಲನ್ನು ಎಂಪಿ ಫೋರ್‌ಗೆ ಬದಲಿಸಲು ಹಾಕಿ ಕೂತೆ.

ಕೂತಲ್ಲೇ ಕಮಲಾಪುರದ ಅಜ್ಜಿ ನೆನಪಾದಳು. ಅಜ್ಜನ ಕಾಲದ ಸಾಲಿಯಲ್ಲಿ ಕಲಿಸುತ್ತಿದ್ದುದು ಉರ್ದು ಮಾತ್ರ, ಅವನು ಬರೆಯುತ್ತಿದ್ದುದೂ ಅದರಲ್ಲೇ. ಅವನು ಸತ್ತ ಮೇಲೆ ಉಳಿದ ಅವನ ಒಂದೇ ಕಾಗದವನ್ನು ಮನೆಯಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ. ಅಪ್ಪ ಅಜ್ಜಿಯನ್ನೂ ನನ್ನನ್ನೂ ಕಲಬುರಗಿಗೆ, ಉರ್ದು ಕಾಗದ ಓದಿ ಹೇಳುವ ಶಹಾಬಜಾರದ ಒಬ್ಬ ಮುದುಕ ಮುನ್ಷಿಯ ಬಳಿ ಕರೆದೊಯ್ದ. ಮುನ್ಷಿ ಕನ್ನಡದಲ್ಲಿ ಹೇಳುತ್ತಿದ್ದರು, ಅಪ್ಪ ದುಂಡಗೆ ಬರೆದುಕೊಳ್ಳುತ್ತಿದ್ದ. ಬಾಳೆಗೆ ನೀರು ಬಿಡಬೇಕು, ಎಮ್ಮೆ ಮಾರಬಾರದು, ಕಾಗದದಲ್ಲಿ ಇದ್ದದ್ದು ಇಷ್ಟೇ.

ಅಜ್ಜಿ ತಡೆದಳು. “ಕನ್ನಡ ಸಾಕ್ರಿ ಸಾಹೇಬ್ರ. ಅವರು ಬರೆದಂಗ ಓದ್ರಿ.”

“ನಿಮಗ ಉರ್ದು ತಿಳೀತದೇನ್ರಿ ಅಮ್ಮಾ?”

“ತಿಳಿಯೋದಿಲ್ರಿ. ಸಿಟ್ಟು ಬಂದಾಗ ಅವರು ಅದರಾಗೇ ಬೈತಿದ್ರು. ಕೇಳಿ ಭಾಳ ದಿನ ಆತು.”

ಮುನ್ಷಿ ನಕ್ಕು, ಮೊದಲಿನಿಂದ ಉರ್ದುವಿನಲ್ಲೇ ಓದಿದರು. ಅಪ್ಪ ಪೆನ್ನು ಮುಚ್ಚಿದ. ‘ಭೈಂಸ್’ ಎಂದು ಎಮ್ಮೆಯ ಮಾತು ಬಂದಲ್ಲಿ ಅಜ್ಜಿ, ಅಜ್ಜನೇ ಎದುರಿಗಿರುವಂತೆ, ಸೆರಗು ಸರಿಮಾಡಿಕೊಂಡಳು.

ಫೈಲು ಈಗ ಬದಲಾಗಿದೆ. ಚಿತ್ರ ಮಸುಕಾಗಿದೆ, ದನಿ ತುಟಿಗಿಂತ ಒಂದು ಚೂರು ತಡವಾಗಿ ಬರುತ್ತದೆ. “ಬಂದ್ ಮಾಡ್ರಿ ಅದನ್ನ, ಚಹಾ ಆರಾಕತ್ತದ” ಅನ್ನುತ್ತಾಳೆ ಹೆಂಡತಿ, ಕ್ಯಾಮೆರಾದತ್ತ ನೋಡಿ. ದನಿಯನ್ನು ತುಟಿಗೆ ಹೊಂದಿಸುವ ಬಟನ್ ಎಲ್ಲೋ ಇದೆ. ಹುಡುಕದೆ ಮತ್ತೆ ಮತ್ತೆ ಕೇಳಿದೆ. ಕೀಬೋರ್ಡಿನ ಅಕ್ಷರಗಳು ಕಾಣುತ್ತಿಲ್ಲ, ಹೊತ್ತು ಮುಳುಗಿದೆ.