ಬೆಚ್ಚಗಿದ್ದ ಬೂಟು

ಹೇಸಿಗೆ ಎನ್ನುವುದು ನನ್ನನ್ನು ಬಿಟ್ಟುಹೋಗಿ ಬಹಳ ವರ್ಷಗಳಾದವು ಎಂದೇ ನಾನು ತಿಳಿದಿದ್ದೆ. ನನ್ನ ಕೆಲಸವೇ ಅಂಥದ್ದು. ಪಶ್ಚಿಮ ಲಂಡನ್ನಿನ ಒಂದು ಸರಕಾರಿ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯವರ ಪಾದಗಳನ್ನು ನೋಡಿಕೊಳ್ಳುವವಳು ನಾನು. ಹುಣ್ಣು ತೊಳೆಯುತ್ತೇನೆ, ಸತ್ತ ಚರ್ಮ ಕೆರೆದು ತೆಗೆಯುತ್ತೇನೆ, ಕೊಳೆತ ಬೆರಳನ್ನು ತೆಗೆಸಿಕೊಂಡವರ ಗಾಯ ಮಾಯುತ್ತಿದೆಯೇ ಎಂದು ಮೂಗಿನ ಹತ್ತಿರ ತಂದು ನೋಡುತ್ತೇನೆ. ಆಮೇಲೆ ಕೈ ತೊಳೆದುಕೊಂಡು ಅದೇ ಕೈಯಲ್ಲಿ ಚಪಾತಿ ತಿನ್ನುತ್ತೇನೆ. ಇನ್ನು ದೆವ್ವ, ಗಾಳಿ ಸೋಕುವುದು ಎಂದು ಹೇಳುವವರ ಮಾತು ಬಂದರೆ, ಬಾಯಲ್ಲಿ ಏನೂ ಅನ್ನದಿದ್ದರೂ ಒಳಗೊಳಗೇ ನಗುತ್ತಿದ್ದೆ. ಧಾರವಾಡದಲ್ಲಿ ನನ್ನ ಅವ್ವ ಬೇರೆಯವರು ಆಗಷ್ಟೇ ಎದ್ದುಹೋದ ಚಾಪೆಯ ಮೇಲೆ ಕೂರುತ್ತಿರಲಿಲ್ಲ. ಅದಕ್ಕಾಗಿ ಅವಳನ್ನು ಎಷ್ಟು ಗೇಲಿ ಮಾಡಿದ್ದೆನೋ ಲೆಕ್ಕವಿಲ್ಲ.

ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ನೀವೂ ನಂಬಬೇಕೆಂದು ನನ್ನ ಹಟವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನನ್ನ ಗಂಡ ರಘುವಿನ ಆಫೀಸಿನಲ್ಲಿ ಗಿರೀಶ್ ಎಂಬ ಬೆಂಗಳೂರಿನ ಗೆಳೆಯನಿದ್ದಾನೆ. ಅವನೂ ಅವನ ಹೆಂಡತಿ ಸುಮಾಳೂ ಕ್ವೀನ್ಸ್‌ಬರಿಯಲ್ಲಿದ್ದಾರೆ, ನಾವು ಗ್ರೀನ್‌ಫರ್ಡ್‌ನಲ್ಲಿ; ಎರಡೂ ಲಂಡನ್ನಿನ ಬಡಾವಣೆಗಳೇ. ಕೆಲವು ವರ್ಷಗಳ ಹಿಂದೆ, ಫೆಬ್ರವರಿಯ ಶಾಲೆಯ ರಜೆಯಲ್ಲಿ ನಾವು, ಅವರು, ಅದೇ ಆಫೀಸಿನ ಇನ್ನೊಬ್ಬರು ಹೀಗೆ ಮೂರು ಸಂಸಾರ ಒಟ್ಟಾಗಿ ಹಿಮದ ಮೇಲೆ ಸ್ಕೀ ಮಾಡಲು ಹೋಗೋಣವೆಂದು ಗಿರೀಶ್ ಎಲ್ಲರನ್ನೂ ಹುರಿದುಂಬಿಸಿದ. ಆಲ್ಪ್ಸ್ ಪರ್ವತ ನಮ್ಮಂಥವರ ಕೈಗೆಟುಕುವುದಿಲ್ಲ. ಅದಕ್ಕೆ ಪೂರ್ವ ಯುರೋಪಿನಲ್ಲಿ ಅಗ್ಗದ ಒಂದು ಬೆಟ್ಟದೂರನ್ನು ಹುಡುಕಿದ್ದ. ನನ್ನ ಮಗಳು ಅನ್ವಿತಾಳಿಗೆ ಆಗ ಹನ್ನೆರಡು. ತರಗತಿಯಲ್ಲಿ ಸ್ಕೀ ಮಾಡದವಳು ತಾನೊಬ್ಬಳೇ ಎಂದು ಎರಡು ಚಳಿಗಾಲದಿಂದ ಮುಖ ಸಣ್ಣ ಮಾಡಿಕೊಂಡಿದ್ದಳು. ಅವಳಿಗಾಗಿ ನಾನು ಒಪ್ಪಿದೆ.

ನವೆಂಬರಿನ ಒಂದು ಭಾನುವಾರ ಮಧ್ಯಾಹ್ನ ಗಿರೀಶನ ಮನೆಯಲ್ಲಿ ಎಲ್ಲರೂ ಸೇರಿದೆವು. ಬಿಸಿಬೇಳೆಭಾತ್, ಬೂಂದಿ, ಆಲೂಗಡ್ಡೆ ಚಿಪ್ಸ್. ಊಟದ ನಂತರ ಗಿರೀಶ್ ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿ ಆ ಊರಿನ ವಿಡಿಯೋ ಹಾಕಿದ. ಬೆಟ್ಟಕ್ಕಿಂತ ಜನರೇ ಹೆಚ್ಚು ಕಂಡರು. ತಂತಿಗೆ ನೇತುಹಾಕಿದ ಕುರ್ಚಿಯಲ್ಲಿ ಕೂರಿಸಿ ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟಿಗೆ ಕ್ಯೂ, ಕಾಫಿಗೆ ಕ್ಯೂ, ಟಾಯ್ಲೆಟ್ಟಿಗೆ ಕ್ಯೂ. ಹಿಮವೆಂದರೆ ಬೆಳ್ಳಗಿರುತ್ತದೆ ಎಂದುಕೊಂಡಿದ್ದೆ. ಅಲ್ಲಿ ಅದು ಸಾವಿರ ಜನ ತುಳಿದು ಚಹಾದ ಚರಟದ ಬಣ್ಣಕ್ಕೆ ಬಂದಿತ್ತು.

"ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇದ್ದಂಗಿದೆಯಲ್ಲೋ" ಎಂದ ರಘು.

"ಮಗಾ, ಈ ರೇಟಿಗೆ ನಿಂಗೆ ಸ್ವಿಟ್ಜರ್ಲೆಂಡ್ ಬೇಕಾ?" ಎಂದು ಗಿರೀಶ್ ನಕ್ಕ. ಆಮೇಲೆ ಅಲ್ಲಿ ಉಳಿದುಬಂದವರು ಇಂಟರ್ನೆಟ್ಟಿನಲ್ಲಿ ಬರೆದದ್ದನ್ನು ಜೋಕಿನಂತೆ ಗಟ್ಟಿಯಾಗಿ ಓದತೊಡಗಿದ. ಬಾತ್‌ಟಬ್ಬಿನ ತೂತಿನಿಂದ ಯಾರದೋ ಕೂದಲಿನ ಉಂಡೆ ಎಳೆದು ತೆಗೆದದ್ದು, ಹಾಸಿಗೆಯಲ್ಲಿ ಕತ್ತರಿಸಿದ ಉಗುರು ಸಿಕ್ಕಿದ್ದು, ಬಾಡಿಗೆಗೆ ಕೊಡುವ ಸ್ಕೀ ಬೂಟುಗಳಲ್ಲಿ ಹಿಂದಿನವರ ಬೆವರು ಇನ್ನೂ ಆರದಿದ್ದದ್ದು. ಓದುತ್ತ ಬೆರಳಿಗಂಟಿದ ತುಪ್ಪ ನೆಕ್ಕುತ್ತಿದ್ದ, ಅದೇ ಬೆರಳಲ್ಲಿ ಲ್ಯಾಪ್‌ಟಾಪ್ ಒತ್ತುತ್ತಿದ್ದ, ಅದೇ ಕೈಯನ್ನು ಚಿಪ್ಸಿನ ಬಟ್ಟಲಿಗೆ ಹಾಕುತ್ತಿದ್ದ. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ನನಗೆ ಮಾತ್ರ ತಿಂದ ಅನ್ನ ಗಂಟಲಿಗೆ ಬಂದಂತಾಗುತ್ತಿತ್ತು. ಇದನ್ನು ಮುಚ್ಚಿಡದೆ ಹೇಳುತ್ತಿದ್ದೇನೆ, ಏಕೆಂದರೆ ಮುಂದೆ ಆದದ್ದಕ್ಕೆ ಇದೇ ಕಾರಣ ಎಂದು ನೀವು ಹೇಳಬಹುದು. ನಾನೂ ಬಹಳ ದಿನ ಹಾಗೇ ಹೇಳಿಕೊಂಡೆ.

"ಅದಕ್ಕೇ ನಾನು ನಮ್ದೇ ಬೂಟು ತಂದಿದೀನಿ" ಎಂದು ಗಿರೀಶ್ ಎದ್ದು ಹಿತ್ತಲಿಗೆ ಹೋದ. ಲಂಡನ್ನಿನದೇ ಇನ್ನೊಂದು ಬಡಾವಣೆ ಹೌನ್ಸ್ಲೋದಲ್ಲಿ ಯಾರೋ ಸ್ಕೀ ಕಲಿಸುತ್ತಿದ್ದವನು ಎಲ್ಲ ಬಿಟ್ಟು ಹಳೆಯ ಬೂಟುಗಳನ್ನು ಮಾರುತ್ತಿದ್ದನಂತೆ. ಗಿರೀಶ್ ಒಂದು ಚೀಲದ ತುಂಬ ತಂದು, ಔಷಧಿ ಸಿಂಪಡಿಸಿ, ತೋಟದ ಶೆಡ್ಡಿನಲ್ಲಿ ಇಟ್ಟಿದ್ದ. ಚೀಲವನ್ನು ಒಳಗೆ ತಂದು ಕಾರ್ಪೆಟ್ಟಿನ ಮೇಲೆ ಸುರಿದ. ಸ್ಕೀ ಬೂಟು ನೋಡದವರಿಗೆ ಹೇಳುತ್ತೇನೆ: ಹೊರಗೆ ಗಟ್ಟಿ ಪ್ಲಾಸ್ಟಿಕ್, ಒಳಗೆ ದಪ್ಪ ಮೆತ್ತೆ, ಮುಂದೆ ಲೋಹದ ಕೊಂಡಿಗಳು. ಹಾಕಿಕೊಳ್ಳುವುದೂ ಕಷ್ಟ, ಬಿಚ್ಚುವುದು ಇನ್ನೂ ಕಷ್ಟ. ಆ ದಿನ ಹೊರಗೆ ಹಲ್ಲು ಕಟಕಟಿಸುವ ಚಳಿ. ನನ್ನ ಪಾಲಿಗೆ ಬಂದ ನೀಲಿ ಬೂಟನ್ನು ಎತ್ತಿಕೊಂಡಾಗ ಅದರ ಪ್ಲಾಸ್ಟಿಕ್ ಕೈ ಕೊರೆಯುವಷ್ಟು ತಣ್ಣಗಿತ್ತು.

ಸೋಫಾದ ಮೇಲೆ ಕುಳಿತು ಬಲಗಾಲನ್ನು ಒಳಗೆ ತಳ್ಳಿದೆ. ಒಳಗೆ ಬೆಚ್ಚಗಿತ್ತು.

ಟ್ಯೂಬ್ ರೈಲಿನಲ್ಲಿ ಯಾರೋ ಎದ್ದುಹೋದ ಕೂಡಲೇ ಆ ಸೀಟಿನಲ್ಲಿ ಕೂತರೆ ಕೆಳಗಿನಿಂದ ಒಂದು ಬಿಸಿ ತಾಗುತ್ತದಲ್ಲ, ಅಂಥ ಬಿಸಿ. ಸ್ವಲ್ಪ ಒದ್ದೆಯೂ ಇತ್ತು. ಛೀ ಎಂದುಕೊಳ್ಳುವಷ್ಟರಲ್ಲಿ ನನ್ನ ಹಿಮ್ಮಡಿ ಕೆಳಗಿಳಿಯಿತು. ನನ್ನ ಪಾದದ ಅಡಿಯಲ್ಲಿ ಇನ್ನೊಂದು ಪಾದವಿತ್ತು.

ಮೆತ್ತೆ ಮಡಚಿಕೊಂಡಿರಬಹುದು, ಯಾರದೋ ಸಾಕ್ಸು ಉಳಿದಿರಬಹುದು ಎಂದು ನೀವು ಹೇಳುತ್ತೀರಿ. ನಾನು ಇಷ್ಟು ವರ್ಷ ದಿನವೂ ಮುಟ್ಟುತ್ತಿರುವುದು ಮನುಷ್ಯರ ಪಾದಗಳನ್ನೇ. ಮೂಳೆಯ ಮೇಲೆ ತೆಳ್ಳಗೆ ಜಾರುವ ಚರ್ಮ ಹೇಗಿರುತ್ತದೆಂದು ನನಗೆ ಗೊತ್ತು. ನನ್ನ ಬೆರಳುಗಳ ಕೆಳಗೆ ಹೆಬ್ಬೆರಳಿತ್ತು. ಅದರ ಪಕ್ಕದ ಬೆರಳಿರಲಿಲ್ಲ. ಇರಬೇಕಾದ ಜಾಗದಲ್ಲಿ ಒಂದು ಸಣ್ಣ ತಗ್ಗು, ಆ ತಗ್ಗಿನ ಕಡೆಗೆ ವಾಲಿಕೊಂಡ ಹೆಬ್ಬೆರಳು. ಎರಡನೆಯ ಬೆರಳು ತೆಗೆಸಿಕೊಂಡವರಲ್ಲಿ ಕ್ರಮೇಣ ಹೀಗೇ ವಾಲುತ್ತದೆ. ಅದನ್ನು ನಾನು ತಿಳಿಯುತ್ತಿದ್ದ ಹಾಗೆಯೇ ಆ ಹೆಬ್ಬೆರಳು ಮೆಲ್ಲಗೆ ಸರಿಯಿತು. ಬಸ್ಸಿನಲ್ಲಿ ಪಕ್ಕದವರು ಒತ್ತರಿಸಿಕೊಂಡು ನಮಗೆ ಜಾಗ ಕೊಡುತ್ತಾರಲ್ಲ, ಹಾಗೆ.

ನಾನು ಚೀರಿದೆ. ಲಂಡನ್ನಿಗೆ ಬಂದು ಇಷ್ಟು ವರ್ಷವಾದರೂ ಚೀರುವಾಗ ಬಂದದ್ದು ಧಾರವಾಡದ ಮಾತೇ. "ತಗೀರಿ ಇದನ್ನ! ಒಳಗ ಕಾಲು ಐತಿ, ಯಾರದೋ ಕಾಲು ಐತಿ ಇದರಾಗ!"

ಬೂಟು ಬರಲೊಲ್ಲದು. ರಘು ನನ್ನ ತೋಳು ಹಿಡಿದ, ಸುಮಾ ಬೂಟು ಹಿಡಿದು ಎಳೆದಳು. ಕಾಲು ಕಿತ್ತು ಬಂದಾಗ ನೋಡಿದರೆ ನನ್ನ ಸಾಕ್ಸು ಒಣಗಿಯೇ ಇತ್ತು. ಸುಮಾ ಬೂಟಿನೊಳಗೆ ಕೈಹಾಕಿದಳು, ರಘುವೂ ಹಾಕಿದ.

"ಏನೂ ಇಲ್ವಲ್ಲೇ. ಐಸ್ ಇದ್ದಂಗಿದೆ" ಎಂದ ಅವನು.

ಗಿರೀಶ್ ಒಳಗಿನ ಮೆತ್ತೆಯನ್ನೇ ಹೊರಗೆಳೆದು ಒದರಿ ತೋರಿಸಿದ. ಮಕ್ಕಳೆಲ್ಲ ನಗುತ್ತಿದ್ದರು. "ಮಮ್, ಯು ಆರ್ ಸೋ ಎಂಬ್ಯಾರಸಿಂಗ್" ಎಂದು ಅನ್ವಿತಾ ಕೆಂಪಗಾದಳು. ನಾನು ಓಡಿಹೋಗಿ ಅವರ ಟಾಯ್ಲೆಟ್ಟಿನಲ್ಲಿ ಉಂಡದ್ದನ್ನೆಲ್ಲ ಕಕ್ಕಿದೆ. ಗೋಡೆಯಾಚೆ ಗಿರೀಶನ ದನಿ ಕೇಳಿಸುತ್ತಿತ್ತು. "ಆಸ್ಪತ್ರೆಲಿ ಪಾದ ತೊಳೆಯೋರು ಕಣೋ ಮಗಾ, ನಮ್ಮನೇಲಿ ಮಡಿ ಮಾಡ್ತಿದಾರೆ."

ನಾನು ಹೊರಗೆ ಬಂದಾಗ ಸುಮಾ ಅದೇ ಬೂಟನ್ನು ತೊಟ್ಟು ನಿಂತಿದ್ದಳು. ಅವಳದೂ ನನ್ನದೂ ಒಂದೇ ಅಳತೆಯ ಪಾದ. "ಅಕ್ಕಾ, ನೋಡಿ, ಏನೂ ಇಲ್ಲ. ನಂಗೆ ಸರಿಯಾಗಿ ಆಗುತ್ತೆ, ನಾನೇ ಇಟ್ಕೋತೀನಿ" ಎಂದಳು. ನನ್ನನ್ನು ಸಮಾಧಾನ ಮಾಡಲೆಂದೇ ಹಾಗೆ ಹೇಳಿದ್ದು.

"ಬ್ಯಾಡ ಸುಮಾ. ಒಗೀ ಅದನ್ನ. ನಿನಗ ಕೈ ಮುಗೀತೀನಿ" ಎಂದೆ. ಗಿರೀಶನ ಮುಖ ಬಿಗಿಯಿತು. ಅವನು ಕಷ್ಟಪಟ್ಟು ಎಲ್ಲರಿಗಾಗಿ ಹುಡುಕಿ ತಂದ ವಸ್ತು, ಅವನ ಮನೆಯ ಊಟ. ಎರಡನ್ನೂ ನಾನು ಹೊರಹಾಕಿದಂತಾಗಿತ್ತು.

ಕಾರಿನಲ್ಲಿ ರಘು, "ಇಷ್ಟ ಇಲ್ದಿದ್ರೆ ಮೊದ್ಲೇ ಬರಲ್ಲ ಅನ್ಬೋದಿತ್ತು" ಎಂದ. ನಾವು ಆ ಪ್ರವಾಸದಿಂದ ಹಿಂದೆ ಸರಿದೆವು. ಅನ್ವಿತಾ ನನ್ನೊಡನೆ ಮಾತು ಬಿಟ್ಟಳು. ಏನು ಕೇಳಿದರೂ ಹೂಂ, ಉಹೂಂ, ಅಷ್ಟೇ. ಉಳಿದ ಎರಡು ಸಂಸಾರ ಫೆಬ್ರವರಿಯಲ್ಲಿ ಹೋದವು. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋಗಳು ಬಂದವು. ಜನಜಂಗುಳಿಯ ನಡುವೆ ಕೆಂಪು ಮೂಗಿನ ಮಕ್ಕಳು, ಹಿಮದಲ್ಲಿ ಬಿದ್ದ ಗಿರೀಶ್. ಮೊದಲ ದಿನಗಳ ಫೋಟೋಗಳಲ್ಲಿ ಸುಮಾ ಇದ್ದಳು. ಆಮೇಲಿನವುಗಳಲ್ಲಿ ಅವಳು ಕಾಣಲಿಲ್ಲ.

ಅವರು ವಾಪಸಾದ ಕೆಲವು ದಿನಗಳ ಮೇಲೆ, ನನಗೆ ರಜೆಯಿದ್ದ ಒಂದು ಬೆಳಿಗ್ಗೆ, ಸುಮಾ ಒಬ್ಬಳೇ ಬಸ್ಸು ಹಿಡಿದು ಗ್ರೀನ್‌ಫರ್ಡಿಗೆ ಬಂದಳು. ಹಾಗೆ ಹೇಳದೆ ಕೇಳದೆ ಬರುವ ಸಲಿಗೆ ನಮ್ಮಲ್ಲಿ ಅಲ್ಲಿಯವರೆಗೆ ಇರಲಿಲ್ಲ. ಅಡುಗೆಮನೆಯ ಮೇಜಿನ ಮುಂದೆ ಕೋಟನ್ನೂ ಬಿಚ್ಚದೆ ಕೂತಳು. ನಾನು ಚಹಾಕ್ಕೆ ನೀರಿಟ್ಟೆ.

"ಮೊದಲೆಲ್ಲ ಏನೂ ಆಗ್ಲಿಲ್ಲ ಅಕ್ಕ. ಚೆನ್ನಾಗೇ ಇತ್ತು" ಎಂದಳು. "ಆಮೇಲೆ ಒಂದಿನ ಲಿಫ್ಟಿನ ಕ್ಯೂನಲ್ಲಿ ನಿಂತಿದ್ವಿ. ಹಿಂದೆ ಮುಂದೆ ಅಲ್ಲಾಡೋಕಾಗದಷ್ಟು ಜನ. ಬಲಗಾಲು ಬೆಚ್ಚಗಾಯ್ತು. ರಕ್ತ ಬರ್ತಿದೆಯೇನೋ ಅನ್ಕೊಂಡೆ. ಬಗ್ಗಿ ಬಿಚ್ಚೋಣ ಅಂದ್ರೆ ಜಾಗ ಇಲ್ಲ. ಅಷ್ಟರಲ್ಲಿ ಲಿಫ್ಟಿನ ಕುರ್ಚಿ ಬಂತು, ಎತ್ಕೊಂಡು ಹೋಗ್ಬಿಡ್ತು. ಕಾಲು ಗಾಳಿಲಿ ನೇತಾಡ್ತಿದೆ. ಕೆಳಗಿಂದ ಒತ್ತುತ್ತಾ ಇತ್ತು ಅಕ್ಕ. ಮೇಲೆ ಹೋಗೋವರೆಗೂ ಒತ್ತುತ್ತಾನೇ ಇತ್ತು. ಪಕ್ಕದಲ್ಲಿ ಮಗಳು ಕೂತು ಹಾಡ್ತಾ ಇದ್ಲು. ನಾನು ಕಿರುಚಲಿಲ್ಲ."

ನಾನು ಒಲೆ ಆರಿಸಿ ಅವಳೆದುರು ಕೂತೆ.

ಅವಳು ದನಿ ತಗ್ಗಿಸಿ ಕೇಳಿದಳು: "ಅಕ್ಕ, ನಿಜ ಹೇಳಿ. ಆವತ್ತು ನಿಮಗೆ ಯಾವ ಬೆರಳು ಸಿಗ್ಲಿಲ್ಲ?"

ಬೆರಳಿನ ವಿಷಯವನ್ನು ನಾನು ಯಾರಿಗೂ ಹೇಳಿರಲಿಲ್ಲ. ರಘುವಿಗೂ ಹೇಳಿರಲಿಲ್ಲ. ಹೇಳಿದ್ದರೆ ನನ್ನನ್ನು ನಿಜವಾಗಿಯೂ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದ. "ನೀನ ಮೊದಲು ಹೇಳು" ಎಂದೆ. ಅವಳು ಎಡಗೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟು, ಹೆಬ್ಬೆರಳಿನ ಪಕ್ಕದ ಬೆರಳನ್ನು ಬಲಗೈಯಿಂದ ಮಡಚಿ ತೋರಿಸಿದಳು.

ನಾನೂ ನನ್ನ ಎಡಗೈ ಮೇಜಿನ ಮೇಲಿಟ್ಟು ಅದೇ ಬೆರಳನ್ನು ಮಡಚಿದೆ.

ಆಮೇಲೆ ನಾನು ಮಾಡಬಹುದಾದ್ದನ್ನೆಲ್ಲ ಮಾಡಿದೆ. ಚೀರಾಟದ ನಡುವೆ ಬೆರಳಿನ ಮಾತು ನನ್ನ ಬಾಯಿಂದ ಬಂದಿತ್ತೇ ಎಂದು ರಘುವನ್ನು ಬೇರೆ ಬೇರೆ ರೀತಿಯಲ್ಲಿ ಕೇಳಿದೆ. ಇಲ್ಲ, ಕಾಲು ಐತಿ ಎಂದಷ್ಟೇ ಅಂದೆ ಎಂದ. ಬೂಟು ಮಾರಿದ ಹೌನ್ಸ್ಲೋದವನನ್ನು ಗಿರೀಶನಿಂದಲೇ ಕೇಳಿಸಿದೆ. ಕಲಿಯಲು ಬಂದವರಿಗೆಲ್ಲ ಕೊಡುತ್ತಿದ್ದ ಬೂಟುಗಳು, ಯಾರು ಯಾರು ಹಾಕಿದ್ದರೋ ಅವನಿಗೂ ನೆನಪಿಲ್ಲವಂತೆ. ನನ್ನ ಪಾದದ ನರಗಳನ್ನೂ ಪರೀಕ್ಷೆ ಮಾಡಿಸಿಕೊಂಡೆ, ಎಲ್ಲ ಸರಿಯಿದ್ದವು. ಕೆಟ್ಟ ಕೆಟ್ಟ ಸುದ್ದಿ ಕೇಳಿದ ಮನಸ್ಸು ಬಿಸಿಯನ್ನೂ ಒದ್ದೆಯನ್ನೂ ಹುಟ್ಟಿಸಿಕೊಂಡಿತು ಎಂದರೆ ಒಪ್ಪುತ್ತೇನೆ. ನನ್ನನ್ನು ನೋಡಿ ಸುಮಾಳಿಗೂ ಹಾಗೇ ಆಯಿತು ಎಂದರೂ ಒಪ್ಪಿಯೇನು. ಆದರೆ ಇಬ್ಬರಿಗೂ ಇಲ್ಲದ ಬೆರಳು ಅದೊಂದೇ ಹೇಗಾಯಿತು ಎಂಬಲ್ಲಿಗೆ ಬಂದು ನನ್ನ ಬುದ್ಧಿ ನಿಂತುಬಿಡುತ್ತದೆ. ಇಂದಿಗೂ ಅಲ್ಲೇ ನಿಂತಿದೆ.

ಆ ಬೆಳಿಗ್ಗೆ ಸುಮಾ ಹೊರಡುವಾಗ ಬೂಟು ಏನು ಮಾಡಿದೆ ಎಂದು ಕೇಳಿದೆ. ಅಲ್ಲೇ ಹೋಟೆಲಿನ ಬಾಗಿಲ ಬಳಿ, ಎಲ್ಲರ ಬೂಟುಗಳನ್ನು ಸಾಲಾಗಿ ಒಣಗಲು ಇಡುವ ಕಡೆ ಇಟ್ಟಳಂತೆ. ಬೆಳಗಾಗುವಷ್ಟರಲ್ಲಿ ಅದು ಅಲ್ಲಿರಲಿಲ್ಲ. ಯಾರೋ ಕದ್ದರೆಂದು ಗಿರೀಶ್ ಹೋಟೆಲಿನವರೊಡನೆ ಜಗಳವಾಡಿದನಂತೆ.

"ಯಾರಾದ್ರೂ ಹಾಕ್ಕೊಂಡಿರ್ತಾರಾ ಅಕ್ಕ?" ಎಂದು ಬಾಗಿಲಲ್ಲಿ ನಿಂತು ಕೇಳಿದಳು.

"ಹಾಕ್ಕೊಂಡಿರ್ತಾರ" ಎಂದೆ. ಬೇರೇನು ಹೇಳಲಿ? ಅವಳು ನಮ್ಮ ಹೊಸ್ತಿಲಲ್ಲಿ ಬಗ್ಗಿ ತನ್ನ ಷೂ ಎತ್ತಿಕೊಂಡು, ಒಂದೊಂದರೊಳಗೂ ಕೈಯನ್ನು ತುದಿಯವರೆಗೆ ಹಾಕಿ ನೋಡಿ, ಆಮೇಲೆ ಮೆಟ್ಟಿಕೊಂಡಳು. ಬಸ್ಸು ಬರುವವರೆಗೆ ನಾನೂ ಸ್ಟಾಪಿನಲ್ಲಿ ಅವಳ ಜೊತೆ ನಿಂತಿದ್ದೆ.